ಗೃಹಸ್ಥರ ಲೆಕ್ಕ: ಕೂಲಿಯ ಪುಸ್ತಕ

ಹಾಲಿನವನ ಲೆಕ್ಕವನ್ನು ಗೋಡೆಯ ಪಂಚಾಂಗದ ಮೇಲೆ ತಪ್ಪದೆ ಗುರುತಿಸುವ ನಮ್ಮ ಗೃಹಸ್ಥರು, ತಮ್ಮಲ್ಲಿ ದುಡಿಯುವವರ ಲೆಕ್ಕವನ್ನು ಮಾತ್ರ ನೆನಪಿಗೆ ಒಪ್ಪಿಸಿ ನಿಶ್ಚಿಂತರಾಗಿರುವುದು ಆಶ್ಚರ್ಯವೇ ಸರಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಉಡುಪಿನ ಎಣಿಕೆಯ ಮೇಲೆ ಕೂಲಿಯುಂಟು. ಸಿರುಗುಪ್ಪದ ಅಕ್ಕಿಗಿರಣಿಯ ಹಮಾಲರಿಗೆ ಚೀಲದ ಎಣಿಕೆ. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಹೆಂಗಸರಿಗೆ ದಿನದ ಎಣಿಕೆ. ರೀತಿ ಬೇರೆಯಾದರೂ ಎಣಿಕೆ ತಪ್ಪಿದರೆ ಬಡವರ ಅನ್ನಕ್ಕೇ ಕೊರತೆ.

ಒಂದು ಉದಾಹರಣೆಯನ್ನು ನೋಡೋಣ. ದಿನಕ್ಕೆ 600 ರೂಪಾಯಿಯಂತೆ ಒಬ್ಬಾಕೆ 24 ಪೂರ್ಣ ದಿನ, 3 ಅರ್ಧ ದಿನ ದುಡಿದಳು. ನಡುವೆ 2,000 ರೂಪಾಯಿ ಮುಂಗಡ ಪಡೆದಳು. ಆಕೆಗೆ ಸಲ್ಲತಕ್ಕದ್ದು 13,300 ರೂಪಾಯಿ. ಯಜಮಾನನು ಅರ್ಧ ದಿನಗಳನ್ನು ಮರೆತರೆ 900 ರೂಪಾಯಿ ಹೋಯಿತು. ಆಕೆ ಮುಂಗಡವನ್ನು ಮರೆತರೆ ಜಗಳ ಹುಟ್ಟಿತು. ಇಬ್ಬರಲ್ಲಿ ಯಾರೂ ವಂಚಕರಲ್ಲ; ಆದರೂ ವಿಶ್ವಾಸ ಮುರಿಯಿತು.

ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ ಮೊದಲಾದ ನಾಲ್ಕನ್ನು ಒಂದುಗೂಡಿಸಿದ 2019ರ ವೇತನ ಸಂಹಿತೆಯು 2025ನೆಯ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ ಮಾಲೀಕನು ಹಾಜರಿ ಹಾಗೂ ವೇತನದ ದಾಖಲೆಯನ್ನಿಟ್ಟು, ಕೆಲಸಗಾರರಿಗೆ ವೇತನ ಚೀಟಿಯನ್ನು ಕೊಡತಕ್ಕದ್ದು. ಕೂಲಿ ಸಂದಿಲ್ಲವೆಂದು ದೂರು ಬಂದರೆ, ಸಂದಿದೆಯೆಂದು ಸಿದ್ಧಪಡಿಸುವ ಹೊಣೆ ಮಾಲೀಕನದೇ. ಬೇಸಾಯಕ್ಕೆ ಅಥವಾ ಮನೆಗೆಲಸಕ್ಕೆ ಐವರಿಗೆ ಮೀರದಂತೆ ಜನರನ್ನು ಇಟ್ಟುಕೊಂಡವರಿಗೆ ಈ ದಾಖಲೆಯ ನಿರ್ಬಂಧವಿಲ್ಲ. ಆದರೆ ಅಧಿಕಾರಿಯು ಕೇಳಿದಾಗ ಕೂಲಿ ಕೊಟ್ಟುದಕ್ಕೆ ತಕ್ಕ ಆಧಾರವನ್ನು ಅವರೂ ತೋರಿಸಬೇಕು. ಪುಸ್ತಕವಿಲ್ಲದವರು ಆ ಹೊತ್ತಿಗೆ ಏನನ್ನು ತೋರಿಸಿಯಾರು?

ಇದಕ್ಕೆ ಗುಮಾಸ್ತರು ಬೇಕಿಲ್ಲ. ಒಂದು ನೋಟುಪುಸ್ತಕ ಸಾಕು. ತಾರೀಖು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಕೂಲಿಯ ದರ, ಮುಂಗಡ, ಕೊಟ್ಟ ಹಣ, ಇವಿಷ್ಟನ್ನು ಅಂದಂದೇ ಬರೆಯಿರಿ. ತಿಂಗಳ ಕೊನೆಗೆ ನೆನೆದು ಬರೆದದ್ದು ಲೆಕ್ಕವಲ್ಲ, ಊಹೆ. ತಿದ್ದುವುದಾದರೆ ಹಳೆಯ ಅಂಕಿ ಕಾಣುವಂತೆ ಗೀಟೆಳೆದು ತಿದ್ದಿರಿ. ವಾರಕ್ಕೊಮ್ಮೆ ಕೆಲಸದವರಿಗೆ ಅದನ್ನು ತೋರಿಸಿರಿ. ಓದು ಬಾರದವರಿಗೆ, ಅವರು ನಂಬುವ ಇನ್ನೊಬ್ಬರ ಎದುರಿನಲ್ಲಿ ಓದಿ ಹೇಳಿರಿ. ಅವರಿಗೂ ಒಂದು ಪ್ರತಿಯಿದ್ದರೆ ಮತ್ತಷ್ಟು ಲೇಸು.

ಬೆವರಿನ ಲೆಕ್ಕವನ್ನು ಒಬ್ಬರ ನೆನಪಿಗೆ ಬಿಡುವುದು ನ್ಯಾಯವಲ್ಲ. ಈ ಸಂಜೆಯೇ ಮೊದಲ ಸಾಲನ್ನು ಬರೆಯಬಾರದೇಕೆ?