ಘಾಟಿ ಸಲೀಸಾದ್ರೆ ಗುಂಡ್ಯದಲ್ಲಿ ಚಾ ಕುಡಿಯೋರು ಯಾರು?

ಗುಂಡ್ಯ: ಬೆಂಗಳೂರಿಂದ ಹೊರಟ ಬಸ್ಸು ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟಿದಾಗ ಒಳಗಿದ್ದವರಿಗೆ ಮೊದಲು ತಾಗುವುದು ಸೆಕೆ. ಸಕಲೇಶಪುರದಲ್ಲಿ ಹೊದ್ದ ಶಾಲು ಇಲ್ಲಿಗೆ ಬರುವಾಗ ಮಡಿಲಿಗೆ ಬಂದಿರುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವವರು ಬ್ಯಾಗು, ಮಕ್ಕಳು ಎಲ್ಲಾ ಸಮೇತ ಇಳಿಯುತ್ತಾರೆ. ಉಳಿದವರಲ್ಲಿ ನಾಲ್ಕು ಜನ ಚಾ ಕುಡಿಯುತ್ತಾರೆ, ಇಬ್ಬರು ಗೋಳಿಬಜೆ ಕಟ್ಟಿಸಿಕೊಳ್ಳುತ್ತಾರೆ. ಡ್ರೈವರ್ ಹಾರ್ನ್ ಹೊಡೆದರೆ ಮುಗೀತು. ಇಷ್ಟು ಜನ ದಿನಾ ಇಳಿಯುವ ಜಾಗದಲ್ಲಿ ಎರಡು ಗಂಟೆ ನೆಮ್ಮದಿಯಾಗಿ ಕೂತು, ತಿಂದು, ಸುತ್ತಿ ಹೋಗೋಣ ಅಂತ ಬರುವವರು ಮಾತ್ರ ಕಡಿಮೆ.

ಇದುವರೆಗೆ ಅದೊಂದು ಸಮಸ್ಯೆ ಅಂತ ಯಾರಿಗೂ ಅನಿಸಿರಲಿಲ್ಲ. ಯಾಕಂದ್ರೆ ಗುಂಡ್ಯದ ವ್ಯಾಪಾರ ನಡೆಯುವುದೇ ಅಡಚಣೆಯ ಮೇಲೆ. ಲಾರಿಯವರು ಘಾಟಿ ಹತ್ತುವ ಮುಂಚೆ ಟಯರ್ ತಟ್ಟಿ ನೋಡಿ ಊಟ ಮಾಡಬೇಕು. ತಿರುವಿನಲ್ಲಿ ವಾಂತಿ ಮಾಡಿದ ಮಗುವಿಗೆ ಮುಖ ತೊಳೆಸಬೇಕು. ಮೇಲೆ ಲಾರಿ ಅಡ್ಡ ಬಿದ್ದು ಬ್ಲಾಕ್ ಆದರೆ ಕೆಳಗೆ ಗುಂಡ್ಯದಲ್ಲಿ ಸಾಲುಗಟ್ಟಬೇಕು. ಗಿರಾಕಿಗೆ ಬೇರೆ ದಾರಿ ಇಲ್ಲ, ಹಾಗಾಗಿ ನಿಲ್ಲುತ್ತಾನೆ. ರುಚಿ ಚೆನ್ನಾಗಿದೆ ಅಂತಲೇ ನಿಲ್ಲುವವರೂ ಇದ್ದಾರೆ, ಆದ್ರೆ ಗಲ್ಲಾಪೆಟ್ಟಿಗೆ ತುಂಬುವುದು ಅವರಿಂದ ಅಲ್ಲ.

ರಸ್ತೆ ಬಂದ್ ಆದಾಗ ಇದರ ಬಿಸಿ ಊರಿಗೆ ತಟ್ಟಿದೆ. 2015ರಲ್ಲಿ ಘಾಟಿಯ ಒಂದು ಭಾಗಕ್ಕೆ ಕಾಂಕ್ರೀಟ್ ಹಾಕುವಾಗ ತಿಂಗಳುಗಟ್ಟಲೆ ವಾಹನ ಇರಲಿಲ್ಲ. 2018ರಲ್ಲಿ ಎರಡನೇ ಹಂತಕ್ಕೆ ಜನವರಿಯಿಂದ ಜುಲೈ ತನಕ ಮತ್ತೆ ಬಂದ್. ತೆರೆದು ಒಂದು ತಿಂಗಳು ಸರಿಯಾಗಿ ವ್ಯಾಪಾರ ಆಯಿತೋ ಇಲ್ಲವೋ, ಆಗಸ್ಟ್ ಮಳೆಗೆ ಗುಡ್ಡ ಜರಿದು ಪುನಃ ಮುಚ್ಚಿತು. 2020ರಲ್ಲಿ ಲಾಕ್‌ಡೌನ್. 2024ರ ಜುಲೈಯಲ್ಲಿ ಸಕಲೇಶಪುರ ಕಡೆಯ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದಾಗಲೂ ಅದೇ ಕತೆ. ಘಾಟಿಗೆ ನೆಗಡಿ ಬಂದರೆ ಗುಂಡ್ಯಕ್ಕೆ ಜ್ವರ.

ಮದ್ದೂರಿಗೆ ಆದದ್ದು

ಇನ್ನು ಬರುವುದು ಇದರ ಉಲ್ಟಾ ಪರಿಸ್ಥಿತಿ. ರಸ್ತೆ ಮುಚ್ಚುವುದಿಲ್ಲ, ವಾಹನವೇ ನಿಲ್ಲುವುದಿಲ್ಲ. ಗುಂಡ್ಯ ಬಳಿಯ ಅಡ್ಡಹೊಳೆಯಿಂದ ಬಿ.ಸಿ.ರೋಡ್ ತನಕದ ಚತುಷ್ಪಥ ಕಾಮಗಾರಿ ಒಮ್ಮೆ ಶುರುವಾಗಿ, ನಿಂತು, ಮತ್ತೆ ಅಡ್ಡಹೊಳೆ-ಪೆರಿಯಶಾಂತಿ, ಪೆರಿಯಶಾಂತಿ-ಬಿ.ಸಿ.ರೋಡ್ ಅಂತ ಎರಡು ಭಾಗವಾಗಿ ನಡೆದದ್ದು ಎಲ್ಲರಿಗೂ ಗೊತ್ತು. ಧೂಳು ತಿಂದವರು ನಾವೇ. ಮೇಲೆ ಘಾಟಿಯಲ್ಲಿ ಸುರಂಗದ ಮಾತು ವರ್ಷಗಳಿಂದ ಇದೆ. ಸುರಂಗ ಆಗಲಿ ಬಿಡಲಿ, ರಸ್ತೆ ಅಗಲವಾದಷ್ಟೂ ಗಾಡಿಯವರಿಗೆ ನಿಲ್ಲಲು ಕಾರಣ ಕಡಿಮೆ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ತಟ್ಟೆ ಇಡ್ಲಿ, ಗೊಂಬೆ, ವಡೆ ಮಾರುತ್ತಿದ್ದವರು ವ್ಯಾಪಾರ ಬಿದ್ದುಹೋಯಿತು ಅಂತ ಬೀದಿಗೆ ಬಂದರು. ಮದ್ದೂರು ವಡೆ ಸಣ್ಣ ಹೆಸರಲ್ಲ. ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಮಾರಿಯೇ ಬೆಳೆದ ತಿಂಡಿ, ನೂರು ವರ್ಷದ ಹೆಸರು. ಅಂಥ ಹೆಸರಿದ್ದೂ ಅಲ್ಲಿಯವರಿಗೆ ಪೆಟ್ಟು ಬಿತ್ತು. ಗುಂಡ್ಯಕ್ಕೆ ಅಂಥದ್ದೊಂದು ತಿಂಡಿಯ ಹೆಸರೂ ಇಲ್ಲ.

ಆದ್ರೆ ಗುಂಡ್ಯಕ್ಕೆ ಒಂದು ತಿರುವು ಉಂಟು. ಬೆಂಗಳೂರು ಕಡೆಯಿಂದ ಶಿರಾಡಿ ಇಳಿದು ಕುಕ್ಕೆಗೆ ಹೋಗುವ ಗಾಡಿ ಇಲ್ಲೇ ಹೆದ್ದಾರಿ ಬಿಡಬೇಕು. ಯಾವ ಬೈಪಾಸಿಗೂ ಅದನ್ನು ಸುಲಭವಾಗಿ ಕಿತ್ತುಕೊಳ್ಳಲು ಆಗುವುದಿಲ್ಲ. ರಾಜ್ಯದ ಮುಜರಾಯಿ ದೇವಸ್ಥಾನಗಳ ಆದಾಯದಲ್ಲಿ ಕುಕ್ಕೆ ಮೊದಲನೇ ಸ್ಥಾನದಲ್ಲಿದ್ದು, 2023-24ರಲ್ಲೇ 140 ಕೋಟಿ ರೂ. ದಾಟಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಘಟ್ಟದ ಮೇಲಿನ ಹೆಣ್ಮಕ್ಕಳು ಗುಂಪು ಕಟ್ಟಿಕೊಂಡು ಬರುತ್ತಿದ್ದಾರೆ. ಇಷ್ಟು ಜನರಲ್ಲಿ ಒಂದು ಪಾಲು ಗುಂಡ್ಯದಲ್ಲಿ ಎರಡು ಗಂಟೆ ಕಳೆದರೂ ಊರಿನ ಲೆಕ್ಕಾಚಾರ ಬದಲಾಗುತ್ತದೆ. ಅವರು ಬರುವುದು ದೇವರಿಗೆ, ಚಾಕ್ಕೆ ಅಲ್ಲ ಅನ್ನುವವರಿದ್ದಾರೆ. ಸರಿ, ಆದ್ರೆ ಹೊಟ್ಟೆ ಎಲ್ಲರಿಗೂ ಇದೆ.

ಹೋಗುವಾಗ ಒಂದು, ಬರುವಾಗ ಒಂದು

ಕುಕ್ಕೆಗೆ ಹೋಗುವ ಹೆಚ್ಚಿನ ಕುಟುಂಬಗಳು ಹೋಗುವಾಗ ಮೀನು-ಮಾಂಸ ಮುಟ್ಟುವುದಿಲ್ಲ. ಬೆಳಗ್ಗೆ ಏಳು ಗಂಟೆಗೆ ಇಳಿದವರಿಗೆ ಬೇಕಾದದ್ದು ಶುದ್ಧ ಸಸ್ಯಾಹಾರದ ಬಿಸಿ ತಿಂಡಿ. ಬೆಂಗಳೂರಿನವರಿಗೆ ಇಡ್ಲಿ-ವಡೆ ಊರಲ್ಲೇ ಸಿಗುತ್ತದೆ. ಇಲ್ಲಿ ಕೊಡಬೇಕಾದದ್ದು ನೀರುದೋಸೆ-ಕಾಯಿಸುಳಿ, ಮಂಗಳೂರು ಬನ್ಸ್, ಅವಲಕ್ಕಿ-ಸಜ್ಜಿಗೆ, ಪುಂಡಿ. ಮಳೆಗಾಲದಲ್ಲಿ ಪತ್ರೊಡೆ. ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು, ಹಲಸಿನ ಹಪ್ಪಳ. ಇವಕ್ಕೆಲ್ಲ ಬೇಕಾದ ತೆಂಗಿನಕಾಯಿ, ಕೆಸುವಿನ ಎಲೆ, ಪುನರ್ಪುಳಿ ಸುತ್ತಲಿನ ತೋಟದಲ್ಲೇ ಇದೆ. ಮಾಡುವ ಕೈಗಳು ಕಡಬ ತಾಲೂಕಿನ ಯಾವ ಸ್ವಸಹಾಯ ಸಂಘದಲ್ಲಿ ಕೇಳಿದರೂ ಸಿಗುತ್ತವೆ.

ವಾಪಸ್ ಬರುವಾಗ ಕತೆ ಬೇರೆ. ದರ್ಶನ ಆಯಿತು, ಪ್ರಸಾದ ಊಟ ಆಯಿತು, ಈಗ ಗಂಡಸರಿಗೆ ಮೀನು ನೆನಪಾಗುತ್ತದೆ. (ಹೆಂಗಸರಿಗೂ ಆಗುತ್ತದೆ, ಹೇಳುವುದಿಲ್ಲ ಅಷ್ಟೆ.) ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಬೂತಾಯಿ ಫ್ರೈ, ಕೋರಿ ರೊಟ್ಟಿ. ಇದರ ಜೊತೆ ಇಲ್ಲಿ ಇನ್ನೊಂದು ಅಡುಗೆ ಉಂಟು, ಅದನ್ನು ಹೊರಗಿನವರು ಬಲ್ಲವರೇ ಅಲ್ಲ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಶಿರಾಡಿ, ನೆಲ್ಯಾಡಿ ಸುತ್ತ ರಬ್ಬರ್ ಹಾಕಿದ ಕುಟುಂಬಗಳ ಮನೆಯ ಬೇಯಿಸಿದ ಮರಗೆಣಸು ಮತ್ತು ಖಾರದ ಮೀನುಸಾರು. ತುಳು, ಕನ್ನಡ, ಮಲಯಾಳ ಮೂರೂ ಒಂದೇ ಬೆಂಚಿನಲ್ಲಿ ಕೂರುವ ಈ ಭಾಗದ ಗುರುತು ಅಂತ ಇದ್ದರೆ ಅದೇ ತಟ್ಟೆ. ಮಂಗಳೂರಿಗೆ ಹೋದವರು ಗಡ್‌ಬಡ್ ಐಸ್‌ಕ್ರೀಂ ತಿನ್ನದೆ ಬರುವುದಿಲ್ಲ. ಗುಂಡ್ಯಕ್ಕೆ ಬಂದರೆ ಮರಗೆಣಸು-ಮೀನು ಅನ್ನುವ ಮಾತು ಹುಟ್ಟಿಸುವುದು ಅಸಾಧ್ಯವೇನಲ್ಲ, ಆದ್ರೆ ಯಾರಾದರೂ ಬೋರ್ಡಿನಲ್ಲಿ ಬರೆದು ಹಾಕಬೇಕು.

ಸುತ್ತಲು ಜಾಗ ಇದೆ, ನೀರಿಗಿಳಿಯಲು ಅಲ್ಲ

ತಿಂದ ಮೇಲೆ ಎಲ್ಲಿಗೆ? ರಸ್ತೆ ಬದಿಯಲ್ಲೇ ಹೊಳೆ ಕಾಣುತ್ತದೆ, ಕಾರು ನಿಲ್ಲಿಸಿ ಇಳಿಯುವವರೂ ಇದ್ದಾರೆ. ಇಲ್ಲಿ ಎಚ್ಚರ ಬೇಕು. ಕೆಳಗೆ ಬಿಸಿಲಿದ್ದರೂ ಮೇಲೆ ಘಾಟಿಯಲ್ಲಿ ಮಳೆ ಹೊಡೆದಿದ್ದರೆ ಕೆಂಪುಹೊಳೆ ಕಡೆಯ ನೀರು ಹೇಳದೆ ಕೇಳದೆ ಏರುತ್ತದೆ. ಬಂಡೆಗಳ ಪಾಚಿ ಊರಿನ ಹುಡುಗರನ್ನೂ ಬಿಡುವುದಿಲ್ಲ. ದಡದಲ್ಲಿ ಕೂತು ನೋಡಲು ನಾಲ್ಕು ಬೆಂಚು, ಅಡ್ಡಕ್ಕೆ ಒಂದು ಬೇಲಿ ಇದ್ದರೆ ಸಾಕು, ಈಜುಕೊಳದ ಆಸೆ ಬೇಡ.

ರೈಲು ಹಳಿ ಹಿಡಿದು ಎಡಕುಮೇರಿಗೆ ನಡೆಯುವ ಹುಚ್ಚು ಇನ್ನೂ ಕೆಲವರಿಗಿದೆ. ಅದಕ್ಕೆ ನಿಷೇಧ ಇದೆ, ಸುರಂಗದೊಳಗೆ ರೈಲು ಬಂದರೆ ಓಡಲು ಜಾಗ ಇಲ್ಲ. ಅದೇ ಹಸಿರು ನೋಡಬೇಕಾದವರಿಗೆ 2021ರ ಜುಲೈಯಿಂದ ಮಂಗಳೂರು-ಯಶವಂತಪುರ ಹಗಲು ರೈಲಿನಲ್ಲಿ ವಿಸ್ಟಾಡೋಮ್ ಬೋಗಿ ಬಂತು. ಗಾಜಿನಿಂದ ನಮ್ಮ ಕಾಡು ನೋಡಲು ಜನ ಹೆಚ್ಚಿನ ದುಡ್ಡು ಕೊಡುತ್ತಾರೆ ಅನ್ನುವುದು ಅಲ್ಲಿ ಸಾಬೀತಾಯಿತು. ಆ ದುಡ್ಡಿನಲ್ಲಿ ಗುಂಡ್ಯದ ಪಾಲು ಏನೂ ಇಲ್ಲ, ರೈಲು ನಿಲ್ಲುವುದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ.

ಆರಾಮವಾಗಿ ಒಂದು ದಿನ ಇರುವವರಿಗೆ ಊರಿನವರು ದಾರಿ ಹೇಳಿಕೊಡಬಹುದು. ಬೆಳಗ್ಗೆ ಇಲ್ಲಿ ತಿಂಡಿ ಮುಗಿಸಿ ಕುಕ್ಕೆ, ಕುಮಾರಧಾರೆಯ ಸ್ನಾನಘಟ್ಟ, ಆದಿ ಸುಬ್ರಹ್ಮಣ್ಯ. ಇನ್ನೊಂದು ಕಡೆ ಪೆರಿಯಶಾಂತಿಯಲ್ಲಿ ತಿರುಗಿದರೆ ಕೊಕ್ಕಡದ ಹತ್ತಿರ ಸೌತಡ್ಕ, ಗುಡಿಯೇ ಇಲ್ಲದ ಬಯಲು ಗಣಪತಿ. ಅಲ್ಲಿಂದ ಆಚೆ ಶಿಶಿಲ, ದೇವರ ಮೀನುಗಳ ಹೊಳೆ. ಸಂಜೆಗೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ-ಕುಮಾರಧಾರೆ ಸಂಗಮ. ಓಡಿ ಓಡಿ ಎಲ್ಲಾ ನೋಡಬೇಕೆಂದಿಲ್ಲ, ಎರಡು ನೋಡಿದರೂ ಸಾಕು.

ಜನ ಹೆಚ್ಚಾದರೆ ಏನಾಗುತ್ತದೆ ಅನ್ನುವುದಕ್ಕೂ ಪಕ್ಕದಲ್ಲೇ ಉದಾಹರಣೆ ಉಂಟು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯ ಹಾಗೆ ಜನ ಹತ್ತಿದರು, ವಿಡಿಯೊ ಎಲ್ಲಾ ಕಡೆ ಓಡಿತು. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದಿತು. ಗುಂಡ್ಯದ ಸುತ್ತ ಮೀಸಲು ಅರಣ್ಯ. ಕತ್ತಲಾದ ಮೇಲೆ ಆನೆ ರಸ್ತೆ ದಾಟುವ ಜಾಗ. 2023ರ ಫೆಬ್ರುವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಸತ್ತದ್ದನ್ನು ಯಾರೂ ಮರೆತಿಲ್ಲ. ರೆಸಾರ್ಟ್, ಡಿಜೆ, ಕ್ಯಾಂಪ್‌ಫೈರ್ ಮಾದರಿ ಇಲ್ಲಿಗೆ ಒಗ್ಗುವುದಿಲ್ಲ. ಹಗಲಿನ ಊರು ಇದು. ಆರು ಗಂಟೆಗೆ ಬಾಗಿಲು ಹಾಕಿದರೂ ನಷ್ಟ ಇಲ್ಲದ ಹಾಗೆ ಯೋಚಿಸಬೇಕು.

ಹಾಗಾದ್ರೆ ಈಗ ಕೇಳಬೇಕಾದದ್ದು ಏನು? ಬಸ್ಸು ಹೆದ್ದಾರಿ ಅಂಚಿಗೆ ಬರುವುದಲ್ಲ, ಒಳಗೆ ಬಂದು ನಿಲ್ಲುವ ಒಂದು ಬೇ. ನೀರು ಬರುವ, ಬೀಗ ಹಾಕದ ಶೌಚಾಲಯ. ಹೆಣ್ಮಕ್ಕಳಿರುವ ಕುಟುಂಬ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುವುದು ಹೋಟೆಲಿನ ಮೆನು ನೋಡಿ ಅಲ್ಲ, ಇದನ್ನು ನೋಡಿ. ಆಮೇಲೆ ಕುಕ್ಕೆಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಅಂತ ಕನ್ನಡದಲ್ಲಿ ಬರೆದ ಒಂದು ಬೋರ್ಡ್. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ ಅಂತ ಗೊತ್ತಾದವನು ಧೈರ್ಯವಾಗಿ ನೀರುದೋಸೆ ಹೇಳುತ್ತಾನೆ. ಗೊತ್ತಿಲ್ಲದವನು ಚಾ ಲೋಟ ಕೈಯಲ್ಲಿ ಹಿಡಿದು ರಸ್ತೆ ನೋಡುತ್ತಾ ನಿಂತಿರುತ್ತಾನೆ.

ಗ್ರಾಮ ಪಂಚಾಯಿತಿ, ಹೆದ್ದಾರಿ ಪ್ರಾಧಿಕಾರ, ಅರಣ್ಯ ಇಲಾಖೆ, ಕೆಎಸ್ಆರ್‌ಟಿಸಿ ನಾಲ್ವರೂ ಒಂದು ಮೇಜಿಗೆ ಬರದೆ ಇದರಲ್ಲಿ ಒಂದೂ ಆಗುವುದಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಬಸ್ ಬೇ ಕೇಳಿದರೆ ಸಿಗುವ ಉತ್ತರ ಯಾವುದು ಅಂತ ಹೆದ್ದಾರಿ ಬದಿಯ ಊರುಗಳಿಗೆಲ್ಲ ಗೊತ್ತು. ಅರ್ಜಿ ಕೊಡುವುದಿದ್ದರೆ ಮುಂದಿನ ಗ್ರಾಮಸಭೆಗೇ ಕೊಡಬೇಕು.