ದೀರ್ಘಾವಧಿ ಬೆಂಬಲ ಆವೃತ್ತಿ ಮತ್ತು ಶಾಲಾ ಗಣಕಯಂತ್ರಗಳು

ದೀರ್ಘಾವಧಿ ಬೆಂಬಲ ಆವೃತ್ತಿ ಅಥವಾ ಎಲ್‌ಟಿಎಸ್ ಎಂಬುದು ಮುಕ್ತ ತಂತ್ರಾಂಶ ಯೋಜನೆಯೊಂದು ಹಲವು ವರ್ಷಗಳ ಕಾಲ ದೋಷ ಪರಿಹಾರ ಹಾಗೂ ಭದ್ರತಾ ಪರಿಷ್ಕರಣೆಗಳನ್ನು ಒದಗಿಸಲು ಆಯ್ದುಕೊಂಡ ಆವೃತ್ತಿ. ಇದರಲ್ಲಿ ಹೊಸ ಸೌಲಭ್ಯಗಳಿಗಿಂತ ಸ್ಥಿರತೆಗೆ ಆದ್ಯತೆ ಇರುತ್ತದೆ.

ಹಿನ್ನೆಲೆ

ಉಬುಂಟುವಿನ ಮೊದಲ ಎಲ್‌ಟಿಎಸ್ ಆವೃತ್ತಿಯಾದ 6.06 ಜೂನ್ 2006ರಲ್ಲಿ ಬಿಡುಗಡೆಯಾಯಿತು. ಅದರ ಡೆಸ್ಕ್‌ಟಾಪ್ ರೂಪಕ್ಕೆ 3 ವರ್ಷ, ಸರ್ವರ್ ರೂಪಕ್ಕೆ 5 ವರ್ಷಗಳ ಬೆಂಬಲವಿತ್ತು. 2012ರ 12.04ರಿಂದ ಎರಡಕ್ಕೂ 5 ವರ್ಷಗಳ ಬೆಂಬಲ ದೊರೆಯುತ್ತಿದೆ. ಎಲ್‌ಟಿಎಸ್ ಆವೃತ್ತಿ ಎರಡು ವರ್ಷಗಳಿಗೊಮ್ಮೆ ಬರುತ್ತದೆ. ನಡುವಣ ಆವೃತ್ತಿಗಳಿಗೆ 2013ರಿಂದ ಕೇವಲ 9 ತಿಂಗಳ ಬೆಂಬಲವಿದೆ.

ಶಾಲೆಗಳಲ್ಲಿ ಅಳವಡಿಕೆ

ಕರ್ನಾಟಕದಲ್ಲಿ 2010ರ ದಶಕದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮವು ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜಿಬ್ರಾ ಮುಂತಾದವುಗಳಲ್ಲಿ ತರಬೇತಿ ನೀಡಿತು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಂತಹ, ರಾಜಧಾನಿಯಿಂದ 600 ಕಿ.ಮೀ.ಗೂ ದೂರದ ತಾಲ್ಲೂಕುಗಳ ಶಾಲೆಗಳಲ್ಲಿ 9 ತಿಂಗಳಿಗೊಮ್ಮೆ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸುವುದು ಕಾರ್ಯಸಾಧ್ಯವಲ್ಲ. ಪಠ್ಯವೂ ತರಬೇತಿಯೂ ಒಂದೇ ಆವೃತ್ತಿಯನ್ನು ಅವಲಂಬಿಸಿದ್ದರೆ, ಆ ಆವೃತ್ತಿ ಕೆಲವು ವರ್ಷವಾದರೂ ಉಳಿಯಬೇಕಾಗುತ್ತದೆ.

ಈ ಮಾರ್ಗವನ್ನು ವ್ಯಾಪಕವಾಗಿ ಅನುಸರಿಸಿದ ರಾಜ್ಯ ಕೇರಳ. ಅಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಇದರ ಕಾರ್ಯಾಚರಣ ವ್ಯವಸ್ಥೆ ಉಬುಂಟು ಎಲ್‌ಟಿಎಸ್ ಆಧಾರಿತವಾಗಿದ್ದು, 14.04, 18.04 ಮತ್ತು 22.04 ಆವೃತ್ತಿಗಳನ್ನು ಕ್ರಮವಾಗಿ ಬಳಸಿಕೊಂಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ವಿದ್ಯಾರ್ಥಿಗಳಿಗಾಗಿ ಐಸಿಟಿ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಇವೆ.

ಮಿತಿಗಳು

ದೀರ್ಘಾವಧಿ ಎಂದರೆ ಶಾಶ್ವತವಲ್ಲ. 14.04ರ ಪ್ರಮಾಣಿತ ಬೆಂಬಲ ಏಪ್ರಿಲ್ 2019ರಲ್ಲಿ ಮುಗಿಯಿತು, 18.04 ಆಧಾರಿತ ಶಾಲಾ ಆವೃತ್ತಿ ಮುಂದಿನ ತಿಂಗಳೇ ಬಂದಿತು. ಆದರೆ 18.04ರ ಪ್ರಮಾಣಿತ ಬೆಂಬಲ ಮೇ 2023ರಲ್ಲಿ ಕೊನೆಗೊಂಡರೂ 22.04 ಆಧಾರಿತ ಆವೃತ್ತಿ ಬಂದುದು 2024ರಲ್ಲಿ. ಬೆಂಬಲ ಮುಗಿಯುವ ದಿನ ಮೊದಲೇ ತಿಳಿದಿದ್ದರೂ ಪರೀಕ್ಷೆ, ಪಠ್ಯ ಪರಿಷ್ಕರಣೆ ಮತ್ತು ತರಬೇತಿಗೆ ಕಾಲ ಬೇಕೆಂಬುದನ್ನು ಈ ಅಂತರ ತೋರಿಸುತ್ತದೆ.

ಎರಡನೆಯ ಮಿತಿ ಹಳೆಯ ಯಂತ್ರಗಳದ್ದು. ಉಬುಂಟು 20.04ರಿಂದ 32 ಬಿಟ್ ಗಣಕಯಂತ್ರಗಳಲ್ಲಿ ಸ್ಥಾಪನೆಗೆ ಅವಕಾಶವಿಲ್ಲ. ಬೆಂಬಲಿತ ಆವೃತ್ತಿಗೆ ದಾಟಲಾಗದ ಇಂತಹ ಯಂತ್ರಗಳಿಗೆ ಬೇರೆ ವಿತರಣೆಯನ್ನು ಹುಡುಕಬೇಕು, ಇಲ್ಲವೇ ಅವನ್ನು ಕೈಬಿಡಬೇಕು.

ಮೂರನೆಯದು ನಿರ್ವಾಹಕರ ಹೊರೆ. ಲಿನಕ್ಸ್ ಕರ್ನಲ್‌ನ ಎಲ್‌ಟಿಎಸ್ ಅವಧಿಯನ್ನು 2017ರಲ್ಲಿ 6 ವರ್ಷಕ್ಕೆ ಏರಿಸಲಾಗಿತ್ತು. ಹಳೆಯ ಆವೃತ್ತಿಗಳ ಬಳಕೆ ಕಡಿಮೆಯೆಂದೂ ನಿರ್ವಹಣೆಯ ಶ್ರಮ ಅಧಿಕವೆಂದೂ 2023ರಲ್ಲಿ ಅದನ್ನು 2 ವರ್ಷಕ್ಕೆ ಇಳಿಸುವ ನಿರ್ಧಾರ ಪ್ರಕಟವಾಯಿತು. ಆದ್ದರಿಂದ ಎಲ್‌ಟಿಎಸ್ ಆಯ್ದುಕೊಳ್ಳುವ ಸಂಸ್ಥೆಯು ಅಳವಡಿಕೆಯ ದಿನವೇ ಮುಂದಿನ ವಲಸೆಯ ವೇಳಾಪಟ್ಟಿಯನ್ನೂ ಸಿದ್ಧಪಡಿಸಿಕೊಳ್ಳುವುದು ಅಗತ್ಯ.