ಚೀಲದ ಸದ್ದು, ಮಂಗನ ನೆನಪು

ಬಾದಾಮಿಯ ಮೇಣಬಸದಿಯ ಮೆಟ್ಟಿಲು ಹತ್ತುವವರ ಕೈಚೀಲ ಪರಪರ ಎಂದರೆ ಸಾಕು, ಬಂಡೆಯ ಮೇಲೆ ಕೂತ ಮಂಗ ತಿರುಗಿ ನೋಡುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ರುಚಿಯಿಲ್ಲ, ಸದ್ದಿನಿಂದ ಹೊಟ್ಟೆ ತುಂಬುವುದಿಲ್ಲ. ಆದರೂ ಆ ಸದ್ದಿಗೆ ಇಷ್ಟು ಬೆಲೆ ಬಂದದ್ದು ಹೇಗೆ?

ಮೆದುಳಿನ ನರಕೋಶಗಳ ನಡುವೆ ಅತಿ ಸಣ್ಣ ಸಂದಿಯಿದೆ. ಒಂದು ಕೋಶ ಆ ಸಂದಿಗೆ ರಾಸಾಯನಿಕವನ್ನು ಬಿಡುತ್ತದೆ, ಆಚೆಯದು ಅದನ್ನು ಹಿಡಿದುಕೊಳ್ಳುತ್ತದೆ. ಸುದ್ದಿ ಮುಟ್ಟಿಸುವ ಈ ವಸ್ತುಗಳೇ ನರವಾಹಕಗಳು. ಇವುಗಳಲ್ಲಿ ಗ್ಲುಟಮೇಟ್ ಎಂಬುದು ಪದೇಪದೇ ಬಳಕೆಯಾಗುವ ಕೊಂಡಿಗಳನ್ನು ಗಟ್ಟಿಗೊಳಿಸಲು ನೆರವಾಗುತ್ತದೆ. ಯಾವ ಕೊಂಡಿ ಉಳಿಸಿಕೊಳ್ಳಲು ಯೋಗ್ಯ ಎಂಬ ಸೂಚನೆ ಕೊಡುವುದರಲ್ಲಿ ಡೋಪಮೈನ್ ಪಾತ್ರ ದೊಡ್ಡದು.

ಡೋಪಮೈನ್ ಎಂದರೆ ಸಂತೋಷದ ರಾಸಾಯನಿಕ ಎಂಬ ಮಾತು ಪೂರ್ತಿ ಸರಿಯಲ್ಲ. ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನಲ್ಲಿ ಮಕಾಕ್ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಡೋಪಮೈನ್ ಕೋಶಗಳನ್ನು ಗಮನಿಸಿದರು. ನಮ್ಮ ಮಂಗಗಳೂ ಇದೇ ಮಕಾಕ್ ಕುಲದವು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ದೀಪ ಹತ್ತುತ್ತದೆ ಎಂದು ಕೋತಿ ಕಲಿತ ಮೇಲೆ ದೀಪಕ್ಕೇ ಮಿಡಿದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಆ ಗಳಿಗೆಗೆ ಸರಿಯಾಗಿ ಮಿಡಿತ ಕುಗ್ಗಿತು. ಅಂದರೆ ಡೋಪಮೈನ್ ಅಳೆಯುವುದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು. 1997ರಲ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿವರಣೆ ಕಲಿಕೆಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಬಾದಾಮಿಯಲ್ಲಿ ದೀಪದ ಜಾಗದಲ್ಲಿ ಚೀಲವಿದೆ.

ಇದೇ ಕಲಿಕೆ ಇನ್ನೂ ಮುಂದೆ ಹೋಗಬಲ್ಲದು. ಬಂಡೀಪುರದ ಮಂಗಗಳು ಮೆಲ್ಲನೆ ದನಿ ತೆಗೆದು, ಕೈ ಚಾಚಿ ಮನುಷ್ಯರಲ್ಲಿ ತಿಂಡಿ ಬೇಡುವುದನ್ನು ಬೆಂಗಳೂರಿನ ಸಂಶೋಧಕರು 2018ರಲ್ಲಿ ವರದಿ ಮಾಡಿದರು.

ತಿನ್ನಿಸುವುದನ್ನು ನಿಲ್ಲಿಸಿದರೆ ಮಂಗ ಮರೆತೀತೇ? ಹಳೆಯ ನೆನಪು ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ‘ಈಗ ಸಿಗುವುದಿಲ್ಲ’ ಎಂಬ ಹೊಸ ಪಾಠ ಅದರ ಮೇಲೆ ಕೂರುತ್ತದೆ, ಅಷ್ಟೆ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರಂತೂ ಚಟ ಇನ್ನೂ ಹಟಮಾರಿಯಾಗುತ್ತದೆ. ಹತ್ತು ಜನ ಕೈ ಬಿಗಿಹಿಡಿದು ಹನ್ನೊಂದನೆಯವರು ಒಂದು ಹಣ್ಣು ಎಸೆದರೂ ಆ ಪಾಠ ಕೆಡುತ್ತದೆ.

ಹನುಮಂತನ ಹೆಸರಿನಲ್ಲಿ ಬಾಳೆಹಣ್ಣು ಕೊಡುವವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಹಣ್ಣಿನಿಂದ ಕಲಿತ ಮಂಗವೇ ನಾಳೆ ಮಗುವಿನ ಕೈಯ ಪೊಟ್ಟಣಕ್ಕೆ ಹಾರುತ್ತದೆ, ಆಮೇಲೆ ಕಲ್ಲೇಟು ತಿನ್ನುತ್ತದೆ. ಹಣ್ಣಿನ ದುಡ್ಡಿನಲ್ಲಿ ಗುಡ್ಡದಂಚಿಗೆ ಆಲ, ಅತ್ತಿಯ ಸಸಿ ನೆಡಿಸಿದರೆ ಮಂಗಗಳಿಗೆ ಮನುಷ್ಯರ ಕೈ ನೋಡದೆ ತಿನ್ನಲು ಸಿಗುತ್ತದೆ.